ಹೊತ್ತಲ್ಲದ ಹೊತ್ತಿನ ಹಸಿವು

ಮೀಲ್ ಬಾರ್ ಎಂದು ಅಂಗಡಿಯಲ್ಲಿ ಸಿಗುವುದು ನೋಡಲು ಬಲು ಸರಳವಾದ ವಸ್ತು. ಅಂಗೈಯಲ್ಲಿ ಅಡಗುವಷ್ಟು ಉದ್ದದ, 30ರಿಂದ 70 ಗ್ರಾಂ ತೂಗುವ ಒಂದು ಪಟ್ಟಿ. ಒಳಗೆ ಓಟ್ಸ್ ಇಲ್ಲವೆ ಸಿರಿಧಾನ್ಯ, ಕಡಲೆಬೀಜ, ಬಾದಾಮಿ, ಒಣಗಿದ ಹಣ್ಣು, ಕೆಲವುಗಳಲ್ಲಿ ಹಾಲಿನಿಂದಲೋ ಸೋಯಾದಿಂದಲೋ ತೆಗೆದ ಪ್ರೋಟೀನ್ ಪುಡಿ. ಇವೆಲ್ಲವನ್ನೂ ಅಂಟಿಸಿ ಹಿಡಿಯಲು ಖರ್ಜೂರದ ತಿರುಳೋ, ಜೇನೋ, ಸಕ್ಕರೆ ಪಾಕವೋ ಬೇಕು. ಹೊರಗೆ ಗಾಳಿ, ತೇವ ಎರಡನ್ನೂ ತಡೆಯುವ ಮಿರುಗುವ ಹೊದಿಕೆ. ಊಟಕ್ಕೂ ಊಟಕ್ಕೂ ನಡುವೆ ಬರುವ ಹಸಿವಿಗೆ ಬಿಸ್ಕತ್ತು, ಪಫ್, ಬೋಂಡಕ್ಕಿಂತ ಇದು ವಾಸಿ ಎಂಬ ನಂಬಿಕೆಯ ಮೇಲೆ ಇದರ ವ್ಯಾಪಾರವೆಲ್ಲ ನಿಂತಿದೆ. ಬೆಂಗಳೂರಿನ ಜಿಮ್ಮುಗಳಲ್ಲಿ ಮೊದಲು ಕಾಣಿಸಿಕೊಂಡ ಈ ಪಟ್ಟಿ ಈಗ ಕೋಲಾರದ ಮೆಡಿಕಲ್ ಸ್ಟೋರಿನ ಗಲ್ಲಾದ ಪಕ್ಕಕ್ಕೂ, ಮುಳಬಾಗಿಲಿನ ಕಡೆಯ ಹೆದ್ದಾರಿ ಅಂಗಡಿಗಳಿಗೂ ಬಂದು ಕೂತಿದೆ.

ಬಾರಿನ ಗುಣಾವಗುಣ ಹೇಳುವ ಮೊದಲು ಅದು ತಣಿಸಬೇಕಾದ ಹಸಿವನ್ನು ನೋಡಬೇಕು. ಕೋಲಾರ ಸೀಮೆಯಲ್ಲಿ ಅದು ಒಂದೇ ಬಗೆಯದಲ್ಲ. ಮಾರಿಕುಪ್ಪಂ, ಬಂಗಾರಪೇಟೆ, ಟೇಕಲ್, ಮಾಲೂರು ನಿಲ್ದಾಣಗಳಲ್ಲಿ ಬೆಳಗಿನ ರೈಲು ಹತ್ತಿ ವೈಟ್‌ಫೀಲ್ಡ್, ಕೆ.ಆರ್. ಪುರ, ಕಂಟೋನ್ಮೆಂಟ್ ಕಡೆ ದಿನಾ ಹೋಗಿ ಬರುವವರದು ಒಂದು ಹಸಿವು. ಮನೆಯಲ್ಲಿ ತಿಂಡಿ ಆಗುವ ಮೊದಲೇ ಹೊಸ್ತಿಲು ದಾಟುವ ಅವರಿಗೆ ರೈಲಿನಲ್ಲಿ ನಿಲ್ಲಲು ಜಾಗ ಸಿಕ್ಕರೆ ಅದೇ ಪುಣ್ಯ, ಡಬ್ಬಿ ಬಿಚ್ಚುವ ಮಾತೇ ಇಲ್ಲ. ನರಸಾಪುರ, ವೇಮಗಲ್ ಕೈಗಾರಿಕಾ ಪ್ರದೇಶದ ಪಾಳಿ ಕೆಲಸದವರದು ಇನ್ನೊಂದು. ನರಸಾಪುರದಲ್ಲಿ 2013ರಲ್ಲಿ ಹೋಂಡಾ ಸ್ಕೂಟರ್ ಕಾರ್ಖಾನೆ ಶುರುವಾಯಿತು. ಆಮೇಲೆ ಐಫೋನ್ ಜೋಡಿಸುವ ಕಾರ್ಖಾನೆ ಬಂತು. ಸುತ್ತಲ ಹಳ್ಳಿಗಳಿಂದ ಕಂಪನಿ ಬಸ್ಸು ಹತ್ತುವ ಹೆಣ್ಣುಮಕ್ಕಳಿಗೆ ಪಾಳಿ ಬದಲಾದ ಹಾಗೆಲ್ಲ ಹಸಿವಿನ ಹೊತ್ತೂ ಬದಲಾಗುತ್ತದೆ. ಕೋಲಾರದ ಎಪಿಎಂಸಿ ಟೊಮೆಟೊ ಮಂಡಿಗೆ ರಾತ್ರಿಯೇ ಬಾಕ್ಸು ತುಂಬಿಕೊಂಡು ಬರುವ ರೈತರಿಗೆ ಹರಾಜು ಮುಗಿದು ಕೈಗೆ ಚೀಟಿ ಬರುವವರೆಗೂ ಊಟದ ನೆನಪೇ ಇರುವುದಿಲ್ಲ. ಶ್ರೀನಿವಾಸಪುರದಲ್ಲಿ ಮೇ ತಿಂಗಳಿಂದ ಜುಲೈವರೆಗೆ ಮಾವಿನ ಮಂಡಿಗಳ ಹಮಾಲರ ಪಾಡೂ ಅದೇ.

ಈ ಹೊತ್ತಿನಲ್ಲಿ ಕೈಗೆ ಸಿಗುವುದು ಏನು? ಟೀ, ಬನ್ನು, ಎರಡು ರೂಪಾಯಿ ಐದು ರೂಪಾಯಿಯ ಬಿಸ್ಕತ್ತು, ಬೇಕರಿಯ ಪಫ್, ಎಣ್ಣೆ ಇಳಿಯುವ ಬಜ್ಜಿ. ಹಸಿವೇನೋ ಆ ಕ್ಷಣಕ್ಕೆ ತಣ್ಣಗಾಗುತ್ತದೆ. ಮೈದಾ ಮತ್ತು ಸಕ್ಕರೆ ಬೇಗ ಕರಗಿ ರಕ್ತಕ್ಕೆ ಸೇರುತ್ತವೆ, ಗಂಟೆ ಎರಡು ಗಂಟೆಯಲ್ಲಿ ಮತ್ತೆ ಸುಸ್ತು, ಮತ್ತೆ ಟೀ. ಬಾರನ್ನು ತೂಗಿ ನೋಡಬೇಕಾದದ್ದು ಇವುಗಳ ಜೊತೆಗೆ. ಸೊಪ್ಪಿನ ಸಾರು, ಮುದ್ದೆಯ ಊಟದ ಜೊತೆಗಲ್ಲ. ಹೆಸರಿನಲ್ಲಿ ಮೀಲ್ ಎಂದಿದ್ದರೂ ಊಟದ ಕೆಲಸ ಅದರಿಂದ ಆಗುವುದಿಲ್ಲ. 40 ಗ್ರಾಂ ಪಟ್ಟಿಯಲ್ಲಿ 160ರಿಂದ 200 ಕ್ಯಾಲೊರಿ ಇದ್ದರೆ ಹೆಚ್ಚು. ದುಡಿಯುವ ದೇಹಕ್ಕೆ ಅದು ಒಂದು ಹೊತ್ತಿನ ಊಟದ ಕಾಲು ಪಾಲು, ಇಲ್ಲವೆ ಮೂರರಲ್ಲಿ ಒಂದು ಪಾಲು.

ದಾರಿಯಲ್ಲಿ ಒಯ್ಯಲು ಆಹಾರವನ್ನು ಅಡಕ ಮಾಡುವ ವಿದ್ಯೆ ಹೊಸದಲ್ಲ. ಉತ್ತರ ಅಮೆರಿಕದ ಮೂಲನಿವಾಸಿಗಳು ಒಣಗಿಸಿ ಕುಟ್ಟಿದ ಕಾಡುಕೋಣದ ಮಾಂಸಕ್ಕೆ ಕೊಬ್ಬು, ಕಾಡಹಣ್ಣು ಬೆರೆಸಿ ಪೆಮಿಕನ್ ಮಾಡುತ್ತಿದ್ದರು. ಮುಂದೆ ಧ್ರುವಯಾತ್ರೆಗೆ ಹೊರಟ ಹಲವರು ಅದನ್ನೇ ಹೊತ್ತರು. 1969ರ ಸುಮಾರಿಗೆ ಪಿಲ್ಸ್‌ಬರಿ ಕಂಪನಿ ಗಗನಯಾತ್ರಿಗಳ ಆಹಾರದ ಹೆಸರಿನಲ್ಲಿ ಕಡ್ಡಿಯಂಥ ತಿನಿಸನ್ನು ಮಾರಿತು. 1986ರಲ್ಲಿ ಕೆನಡಾದ ಮ್ಯಾರಥಾನ್ ಓಟಗಾರ ಬ್ರಯಾನ್ ಮ್ಯಾಕ್ಸ್‌ವೆಲ್ ಕ್ಯಾಲಿಫೋರ್ನಿಯಾದಲ್ಲಿ ಪವರ್‌ಬಾರ್ ಶುರುಮಾಡಿದ. ದೂರದ ಓಟದ ಕೊನೆಯ ಹಂತದಲ್ಲಿ ಶಕ್ತಿ ಬತ್ತಿ ಕಾಲು ಸೋಲುವುದನ್ನು ಸ್ವತಃ ಅನುಭವಿಸಿದವನು ಅವನು. ಅಂದರೆ ಈ ಪಟ್ಟಿ ಹುಟ್ಟಿದ್ದು ಗಂಟೆಗಟ್ಟಲೆ ಓಡುವವರಿಗಾಗಿ. ಅದನ್ನು ಎಂಟು ಗಂಟೆ ಕುರ್ಚಿಯ ಮೇಲೆ ಕೂತವರು ತಿಂದರೆ ಲೆಕ್ಕವೇ ಬೇರೆಯಾಗುತ್ತದೆ ಎಂಬುದನ್ನು ಜಾಹೀರಾತುಗಳು ಹೇಳುವುದಿಲ್ಲ.

ಕೋಲಾರದ ಹಳ್ಳಿಗಳಲ್ಲಿ ಇದೇ ಕೆಲಸವನ್ನು ತಲೆಮಾರುಗಳಿಂದ ಮಾಡಿಕೊಂಡು ಬಂದದ್ದು ರಾಗಿ ಹುರಿಹಿಟ್ಟು. ಅದನ್ನು ಮಾಡುವ ಕ್ರಮವನ್ನು ಹತ್ತಿರದಿಂದ ನೋಡುವುದು ಒಳ್ಳೆಯದು. ಇಂದಿನ ಕಾರ್ಖಾನೆಗಳು ದೊಡ್ಡ ಯಂತ್ರದಲ್ಲಿ ಮಾಡುವ ಕೆಲಸದ ಅರ್ಧಪಾಲು ಅದರೊಳಗಿದೆ. ರಾಗಿಯನ್ನು ಕೇರಿ, ಕಲ್ಲು ತೆಗೆದು, ನೀರು ಚಿಮುಕಿಸಿ ಒದ್ದೆ ಬಟ್ಟೆಯಲ್ಲಿ ರಾತ್ರಿಯಿಡೀ ಕಟ್ಟಿಡುತ್ತಾರೆ. ಬೆಳಿಗ್ಗೆ ನೆರಳಿನಲ್ಲಿ ಹರಡಿ ಮೇಲಿನ ಪಸೆ ಆರಿದ ಮೇಲೆ, ಬಾಣಲೆಯಲ್ಲಿ ಚೆನ್ನಾಗಿ ಕಾದ ಮರಳಿಗೆ ಒಂದೊಂದೇ ಹಿಡಿ ಹಾಕುತ್ತಾರೆ. ಕಾಳಿನೊಳಗೆ ಉಳಿದ ತೇವ ಒಮ್ಮೆಗೇ ಆವಿಯಾಗಿ ಸಿಪ್ಪೆಯನ್ನು ಸೀಳುತ್ತದೆ. ಚಟಪಟ ಸದ್ದೆದ್ದು, ಸಾಸಿವೆಗಿಂತ ದಪ್ಪವಿರದ ಕೆಂಪು ಕಾಳು ಬೆಳ್ಳನೆಯ ಅರಳಾಗಿ ಮರಳಿನ ಮೇಲಕ್ಕೆ ಬರುತ್ತದೆ. ತೇವ ಕಡಿಮೆಯಿದ್ದರೆ ಕಾಳು ಅರಳದೆ ಸೀಯುತ್ತದೆ, ಹೆಚ್ಚಿದ್ದರೆ ಮೆತ್ತಗೆ ಉಳಿಯುತ್ತದೆ. ಕೈ ಪಳಗಿದವರಿಗೆ ಮುಟ್ಟಿದರೇ ಗೊತ್ತಾಗುತ್ತದೆ. ಜರಡಿ ಹಿಡಿದು ಮರಳು ಕಳೆದು, ಅರಳನ್ನು ಬೀಸಿದರೆ ಹುರಿದ ಕಾಳಿನ ಘಮಲಿರುವ ಹಿಟ್ಟು ಸಿದ್ಧ. ಆ ಶಾಖದಲ್ಲೇ ಪಿಷ್ಟ ಬೆಂದಿರುವುದರಿಂದ ಮತ್ತೆ ಒಲೆ ಹಚ್ಚಬೇಕಾಗಿಲ್ಲ. ಬೆಲ್ಲ, ಕಾಯಿತುರಿ, ಏಲಕ್ಕಿ, ಒಂದು ಚಮಚ ತುಪ್ಪ ಸೇರಿಸಿ ಹಾಲಿನಲ್ಲಿ ಕಲಸಿದರೆ ಸಿಹಿ. ಮಜ್ಜಿಗೆ, ಉಪ್ಪು, ಈರುಳ್ಳಿ ಹಾಕಿದರೆ ಬಿಸಿಲಿನ ಹೊತ್ತಿಗೆ ತಂಪು. ಒಣಹಿಟ್ಟಿಗೆ ಸಕ್ಕರೆ ಬೆರೆಸಿ ಬಾಯಿಗೆ ಹಾಕಿಕೊಂಡ ಮಕ್ಕಳನ್ನು ಮಾತಾಡಿಸಬಾರದು, ನಕ್ಕರೆ ನೆತ್ತಿಗೇರುತ್ತದೆ.

ಹುರಿಹಿಟ್ಟಿನ ಜೊತೆಗೇ ತಂಬಿಟ್ಟನ್ನು ಹೇಳಬೇಕು. ಹುರಿದ ಅಕ್ಕಿಯ ಹಿಟ್ಟೋ ಹುರಿಗಡಲೆಯ ಹಿಟ್ಟೋ, ಬೆಲ್ಲ, ಕಡಲೆಬೀಜ, ಎಳ್ಳು, ಕೊಬ್ಬರಿ ಸೇರಿಸಿ ಅಮುಕಿ ಕಟ್ಟಿದ ಉಂಡೆ ಅದು. ಊರ ಜಾತ್ರೆಯಲ್ಲಿ ಹೆಂಗಸರು ತಲೆಯ ಮೇಲೆ ಹೊತ್ತು ಗ್ರಾಮದೇವತೆಗೆ ಬೆಳಗುವ ದೀಪವೂ ಅದರದೇ. ಆರತಿ ಮುಗಿದ ಮೇಲೆ ಮುರಿದು ಹಂಚಿದ ತಂಬಿಟ್ಟಿನ ತುಂಡು ಬಿಸಿಲಿನಲ್ಲಿ ನಡೆದು ಬಂದವರ ಹೊಟ್ಟೆಗೆ ಆಧಾರ. ಹಿಟ್ಟು, ಬೀಜ, ಬೆಲ್ಲ: ಬಾರಿನ ಮೂರು ಕಾಲುಗಳೂ ಅಲ್ಲಿವೆ. ಎಳ್ಳಿನ ಚಿಗಳಿ, ಪುರಿಉಂಡೆ, ಕಡಲೆ ಮಿಠಾಯಿ, ಹಲ್ಲಿಗೆ ಸವಾಲಾದ ಕಮರ್‌ಕಟ್ಟು ಎಲ್ಲವೂ ಅದೇ ಬಳಗದವು. ಹೊಲದಲ್ಲಿ ಕಳೆ ಕೀಳುವವರಿಗೆ ಮಧ್ಯಾಹ್ನದ ಬುತ್ತಿ ಬರುವುದು ತಡವಾದರೆ ಸೆರಗಿನ ಗಂಟಿನಲ್ಲಿದ್ದ ಒಂದು ಹಿಡಿ ಹುರಿಗಾಳು, ಬೆಲ್ಲದ ಚೂರು ಸಾಕಾಗುತ್ತಿತ್ತು. ಅದಕ್ಕೆ ಹೊದಿಕೆ ಇರಲಿಲ್ಲ, ಹೆಸರೂ ಇರಲಿಲ್ಲ.

ಈ ಮನೆಯ ಅರಿವನ್ನು ಪ್ರಯೋಗಾಲಯಕ್ಕೆ ಒಯ್ದದ್ದು ಮೈಸೂರು. 1950ರಲ್ಲಿ ಚೆಲುವಾಂಬ ಮಹಲಿನಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ, ಅಂದರೆ ಸಿಎಫ್‌ಟಿಆರ್‌ಐ, ಎಣ್ಣೆ ತೆಗೆದ ಕಡಲೆಬೀಜದ ಹಿಟ್ಟು ಮೂರು ಪಾಲು, ಕಡಲೆಹಿಟ್ಟು ಒಂದು ಪಾಲು ಸೇರಿಸಿ, ವಿಟಮಿನ್ನು ಖನಿಜ ಬೆರೆಸಿ, ಬಡಮಕ್ಕಳಿಗಾಗಿ ಬಹೂಪಯೋಗಿ ಆಹಾರವನ್ನು ರೂಪಿಸಿತು. ರಾಗಿಯನ್ನು ಮೊಳಕೆ ಬರಿಸಿ ಮಾಲ್ಟ್ ಮಾಡುವ ವಿಧಾನದ ಮೇಲೂ ಅಲ್ಲಿ ವರ್ಷಗಟ್ಟಲೆ ಕೆಲಸ ನಡೆಯಿತು. ಅದೇ ಊರಿನಲ್ಲಿ 1961ರಲ್ಲಿ ಹುಟ್ಟಿದ ರಕ್ಷಣಾ ಆಹಾರ ಸಂಶೋಧನಾಲಯ ಗಡಿಯ ಸೈನಿಕರಿಗೆ ಕೆಡದ ಊಟ ಕಟ್ಟಿಕೊಡುವುದನ್ನೇ ಕಸುಬಾಗಿ ಮಾಡಿಕೊಂಡಿತು. 1984ರಲ್ಲಿ ರಾಕೇಶ್ ಶರ್ಮಾ ಬಾಹ್ಯಾಕಾಶಕ್ಕೆ ಒಯ್ದ ಭಾರತೀಯ ತಿನಿಸುಗಳು ಅಲ್ಲಿ ತಯಾರಾದವು. ಕೊರೊನಾ ಕಾಲದಲ್ಲಿ ಸಿಎಫ್‌ಟಿಆರ್‌ಐ ದೆಹಲಿಯ ಏಮ್ಸ್ ಆಸ್ಪತ್ರೆಯ ರೋಗಿಗಳಿಗೆ ಹೆಚ್ಚು ಪ್ರೋಟೀನಿನ ಬಿಸ್ಕತ್ತು ಕಳಿಸಿತು. ಅದರ ತಂತ್ರಜ್ಞಾನದ ಪಟ್ಟಿಯಲ್ಲಿ ಮಾವಿನ ಹಣ್ಣಿನ ಬಾರು, ಸ್ಪಿರುಲಿನಾ ಬೆರೆಸಿದ ಚಿಕ್ಕಿ ಎರಡೂ ಇವೆ. ಬಾರನ್ನು ಪರದೇಶದ ತಿನಿಸು ಎನ್ನುವವರು ಮೈಸೂರಿನ ಈ ಕೆಲಸವನ್ನು ಮರೆಯಬಾರದು.

ಅಂಗಡಿಯ ಬಾರಾಗಿ ಅದು ಜನಪ್ರಿಯವಾದದ್ದು ಕಳೆದ ಹತ್ತು ಹನ್ನೆರಡು ವರ್ಷಗಳಲ್ಲಿ. ಅದರಲ್ಲಿ ಬೆಂಗಳೂರಿನ ಪಾಲು ದೊಡ್ಡದು. ಸಂಪತ್ ಕುಮಾರ್ ಸಹೋದರಿಯರು ಕಟ್ಟಿದ ಯೋಗಾಬಾರ್ ಬೆಂಗಳೂರಿನದೇ. ಅದನ್ನು ಹಂತಹಂತವಾಗಿ ಕೊಳ್ಳುವುದಾಗಿ ಐಟಿಸಿ 2023ರ ಜನವರಿಯಲ್ಲಿ ಪ್ರಕಟಿಸಿತು. ರಾಗಿಯಿಂದ ಮಕ್ಕಳ ತಿನಿಸು ಮಾಡಿ ಹೆಸರಾದ ಸೋಲ್‌ಫುಲ್ ಕೂಡ ಇಲ್ಲಿಯದು, 2021ರಲ್ಲಿ ಟಾಟಾ ಕನ್ಸ್ಯೂಮರ್ ಅದನ್ನು 155 ಕೋಟಿ ರೂಪಾಯಿಗೂ ಮಿಕ್ಕಿ ಕೊಟ್ಟು ಕೊಂಡಿತು. ಕೋಲಾರದ ಹೊಲದಲ್ಲಿ ಬೆಳೆಯುವ ಕಾಳಿಗೆ ಇಷ್ಟು ಬೆಲೆಯ ಮಾರುಕಟ್ಟೆ ಇದೆ ಎಂಬುದು ಸಂತೋಷದ ಸಂಗತಿ. ಆ ಬೆಲೆಯ ಎಷ್ಟು ಪಾಲು ಕಣದವರೆಗೆ ಬಂತು ಎಂಬುದು ಕೇಳಲೇಬೇಕಾದ ಪ್ರಶ್ನೆ.

ಇನ್ನು ಬಾರನ್ನು ಕೊಳ್ಳುವ ವಿಚಾರ. ಹೊದಿಕೆಯ ಮುಂಬದಿಯಲ್ಲಿ ದೊಡ್ಡ ಅಕ್ಷರದ ಮಾತು, ಹಸಿರು ಎಲೆ, ಕಾಳಿನ ಚಿತ್ರ ಇರುತ್ತವೆ. ನಿಜ ಇರುವುದು ಹಿಂಬದಿಯ ಸಣ್ಣ ಅಕ್ಷರದಲ್ಲಿ. ನಮ್ಮ ದೇಶದ ಆಹಾರ ಸುರಕ್ಷತೆಯ ನಿಯಮದ ಪ್ರಕಾರ ಒಳಗಿನ ಪದಾರ್ಥಗಳನ್ನು ತೂಕದ ಇಳಿಕೆಯ ಕ್ರಮದಲ್ಲಿ ಬರೆಯಬೇಕು: ಯಾವುದು ಹೆಚ್ಚೋ ಅದು ಮೊದಲು. ಆದ್ದರಿಂದ ಮೊದಲ ಮೂರು ಹೆಸರು ಓದಿದರೆ ಬಾರಿನ ಜಾತಕ ಅರ್ಧ ತಿಳಿದಂತೆ. ಅಲ್ಲಿ ರಾಗಿ, ಓಟ್ಸ್, ಕಡಲೆಬೀಜ, ಖರ್ಜೂರ ಇದ್ದರೆ ಒಂದು ಮಾತು. ಗ್ಲೂಕೋಸ್ ಸಿರಪ್ಪಿನಿಂದಲೇ ಶುರುವಾದರೆ ಅದು ಮಿಠಾಯಿ. ಇನ್ನೂ ಒಂದು ಸೂಕ್ಷ್ಮವಿದೆ. ಸಿಹಿಯನ್ನು ಗ್ಲೂಕೋಸ್ ಸಿರಪ್, ಇನ್ವರ್ಟ್ ಸಿರಪ್, ಬ್ರೌನ್ ರೈಸ್ ಸಿರಪ್, ಜೇನು, ಬೆಲ್ಲ ಎಂದು ನಾಲ್ಕೈದು ಹೆಸರಿಗೆ ಹಂಚಿದರೆ ಒಂದೊಂದರ ತೂಕವೂ ಕಡಿಮೆಯಾಗಿ ಪಟ್ಟಿಯಲ್ಲಿ ಕೆಳಕ್ಕೆ ಇಳಿಯುತ್ತದೆ, ಕಾಳು ಮೇಲೇರುತ್ತದೆ. ಎಲ್ಲ ಸಿಹಿಯನ್ನೂ ಒಟ್ಟು ಕೂಡಿಸಿ ನೋಡಿದವರಿಗೆ ಮಾತ್ರ ನಿಜವಾದ ಕ್ರಮ ಕಾಣುತ್ತದೆ. ಅದಕ್ಕಾಗಿಯೇ ಪಕ್ಕದ ಕೋಷ್ಟಕದಲ್ಲಿ ಒಟ್ಟು ಸಕ್ಕರೆ, ಸೇರಿಸಿದ ಸಕ್ಕರೆ ಎಂಬ ಎರಡು ಸಾಲುಗಳಿವೆ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದಂತೆ ದಿನದ ಸಕ್ಕರೆ 25 ಗ್ರಾಂ ಆಸುಪಾಸಿನಲ್ಲಿದ್ದರೆ ಉತ್ತಮ. ಒಂದು ಪಟ್ಟಿಯಲ್ಲೇ 12, 14 ಗ್ರಾಂ ಇದ್ದರೆ ಟೀ ಕಾಫಿಗೆ ಉಳಿಯುವುದು ಎಷ್ಟು ಎಂದು ಯಾರು ಬೇಕಾದರೂ ಲೆಕ್ಕ ಹಾಕಬಹುದು. ಕೋಷ್ಟಕದ ಅಂಕಿಗಳು ಸಾಮಾನ್ಯವಾಗಿ 100 ಗ್ರಾಮಿಗೆ ಬರೆದವು. ಪಟ್ಟಿ 40 ಗ್ರಾಂ ಇದ್ದರೆ ಅದನ್ನು 0.4ರಿಂದ ಗುಣಿಸಿಕೊಳ್ಳಬೇಕು.

ಇಲ್ಲಿ ಒಂದು ನೋವಿನ ವಿಷಯವಿದೆ. ಈ ವಿವರವನ್ನು ಇಂಗ್ಲಿಷಿನಲ್ಲಿ ಅಥವಾ ದೇವನಾಗರಿ ಲಿಪಿಯ ಹಿಂದಿಯಲ್ಲಿ ಕೊಟ್ಟರೆ ನಿಯಮಕ್ಕೆ ಸಾಕು. ಬೇರೆ ಭಾಷೆ ಕಂಪನಿಯ ಇಷ್ಟ. ಪಾಳಿ ಮುಗಿಸಿ ಬರುವ ಹೆಣ್ಣುಮಗಳು, ಮಗುವಿಗೆ ಒಳ್ಳೆಯದು ಎಂದು ನಂಬಿ ದುಡ್ಡು ಕೊಟ್ಟು ಕೊಳ್ಳುವ ತಾಯಿ, ಸಕ್ಕರೆ ಕಾಯಿಲೆಯಿರುವ ಅಜ್ಜ: ಹಿಂಬದಿ ಓದಲೇಬೇಕಾದವರು ಇವರು. ಇವರ ಭಾಷೆಯಲ್ಲಿ ಅದು ಇರುವುದಿಲ್ಲ. ಬಾಯಿಗೆ ಹಾಕುವ ಪದಾರ್ಥದ ಹೆಸರನ್ನು ಕನ್ನಡದಲ್ಲಿ ಕೇಳುವುದು ಹೆಚ್ಚಿನ ಬೇಡಿಕೆಯಲ್ಲ.

ತಿಂದು ನೋಡಿದವರಿಗೆ ಮೊದಲು ಗೊತ್ತಾಗುವುದು ಅಗಿತ. ಪ್ರೋಟೀನ್ ಹೆಚ್ಚಿರುವ ಬಾರು ಹಲ್ಲಿಗೆ ಅಂಟುತ್ತದೆ, ಬಾಯಿ ಒಣಗಿಸುತ್ತದೆ, ಜೊತೆಗೆ ನೀರು ಬೇಕೇ ಬೇಕು. ತಿಂಗಳುಗಳು ಕಳೆದಂತೆ ಅದರೊಳಗಿನ ತೇವ ಪ್ರೋಟೀನಿನ ಕಡೆ ಸರಿದು ಪಟ್ಟಿ ಗಟ್ಟಿಯಾಗುತ್ತದೆ. ಹಳೆಯ ದಾಸ್ತಾನನ್ನು ಕಚ್ಚಿದವರಿಗೆ ಅದರ ಅನುಭವವಾಗಿರುತ್ತದೆ. ಓಟ್ಸ್, ಸಿರಿಧಾನ್ಯದ ಬಾರು ಪುಡಿಪುಡಿಯಾಗಿ ಉದುರುತ್ತದೆ, ರೈಲಿನಲ್ಲಿ ನಿಂತು ತಿನ್ನುವವರ ಅಂಗಿಯ ತುಂಬ ಅದರದೇ ಚೂರು. ಎರಡನೆಯದು ಹೊಟ್ಟೆಯ ಮಾತು. ಸಕ್ಕರೆ ಇಲ್ಲ ಎಂದು ಹೇಳಿಕೊಳ್ಳುವ ಹಲವು ಬಾರುಗಳಲ್ಲಿ ಮಾಲ್ಟಿಟಾಲ್‌ನಂಥ ಸಿಹಿ ಇರುತ್ತದೆ, ನಾರಿನ ಅಂಶ ಹೆಚ್ಚಿಸಲು ಚಿಕೋರಿ ಬೇರಿನಿಂದ ತೆಗೆದ ಇನ್ಯುಲಿನ್ ಇರುತ್ತದೆ. ಎರಡೂ ಸಣ್ಣ ಕರುಳಿನಲ್ಲಿ ಪೂರ್ತಿ ಜೀರ್ಣವಾಗದೆ ದೊಡ್ಡ ಕರುಳಿಗೆ ಹೋಗಿ ಅಲ್ಲಿನ ಸೂಕ್ಷ್ಮಜೀವಿಗಳಿಗೆ ಆಹಾರವಾಗುತ್ತವೆ. ಅಭ್ಯಾಸವಿಲ್ಲದವರಿಗೆ ಹೊಟ್ಟೆ ಉಬ್ಬರ, ಗುಡುಗುಡು. ಹೆಚ್ಚು ತಿಂದರೆ ಭೇದಿ. ದೂರದ ಬಸ್ಸು ಹತ್ತುವ ಮೊದಲು ಹೊಸ ಬಾರನ್ನು ಪ್ರಯತ್ನಿಸುವುದು ಸರಿಯಲ್ಲ. ಒಳ್ಳೆಯದನ್ನೂ ಹೇಳಬೇಕು. ಕಡಲೆಬೀಜ, ಬಾದಾಮಿ, ಇಡಿಕಾಳು ಹೆಚ್ಚಿರುವ ಬಾರು ನಿಧಾನಕ್ಕೆ ಕರಗುತ್ತದೆ, ಬಿಸ್ಕತ್ತು ತಿಂದ ಮೇಲೆ ಬರುವಷ್ಟು ಬೇಗ ಹಸಿವು ಮತ್ತೆ ಬರುವುದಿಲ್ಲ. ಕೈ ತೊಳೆಯಲು ನೀರಿಲ್ಲದ ಕಡೆ, ಧೂಳಿನ ಮಂಡಿಯಲ್ಲಿ, ಮುಚ್ಚಿದ ಹೊದಿಕೆಯ ತಿನಿಸು ತೆರೆದಿಟ್ಟ ಬೋಂಡಕ್ಕಿಂತ ಕ್ಷೇಮ.

ಪ್ರೋಟೀನಿನ ಬಗ್ಗೆ ಈಗ ಎಲ್ಲರಿಗೂ ಆತಂಕ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2020ರಲ್ಲಿ ಹೇಳಿದ ಅಳತೆಯಂತೆ ದೇಹದ ತೂಕದ ಪ್ರತಿ ಕಿಲೋಗೆ 0.83 ಗ್ರಾಂ ಸಾಕು. 55 ಕಿಲೋ ತೂಗುವ ಹೆಂಗಸಿಗೆ ದಿನಕ್ಕೆ ಸುಮಾರು 46 ಗ್ರಾಂ. ಹುರುಳಿಸಾರು, ಅವರೆಕಾಳು, ಮೊಟ್ಟೆ, ಹಾಲು ಸಿಗುವ ಮನೆಯಲ್ಲಿ ಅದು ಊಟದಲ್ಲೇ ಆಗುತ್ತದೆ. ಹುರುಳಿಯಲ್ಲೂ ಹುರಿಗಡಲೆಯಲ್ಲೂ 100 ಗ್ರಾಮಿಗೆ ಸುಮಾರು 22 ಗ್ರಾಂ, ಕಡಲೆಬೀಜದಲ್ಲಿ 25 ಗ್ರಾಂ ಪ್ರೋಟೀನ್ ಇದೆ. ರಾಗಿಯಲ್ಲಿ ಪ್ರೋಟೀನ್ ಏಳು ಗ್ರಾಮಷ್ಟೇ. ಅದರ ದೊಡ್ಡತನ 340 ಮಿಲಿಗ್ರಾಮಿಗೂ ಮೀರಿದ ಸುಣ್ಣದಂಶದಲ್ಲಿ ಮತ್ತು ನಾರಿನಲ್ಲಿದೆ. ಸ್ನಾಯು ಬೆಳೆಸಲು ಪ್ರೋಟೀನ್ ಪುಡಿಯ ಮೊರೆ ಹೋಗಬೇಡಿ, ಹೊದಿಕೆಯ ಮೇಲಿನ ವಿವರ ಓದಿ ಎಂದು 2024ರ ಮೇ ತಿಂಗಳಲ್ಲಿ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಹೊರತಂದ ಆಹಾರ ಸೂತ್ರಗಳು ಹೇಳುತ್ತವೆ.

ಹಾಗೆಂದು ನಮ್ಮ ಹಳೆಯ ತಿನಿಸೆಲ್ಲ ನಿರ್ದೋಷಿ ಎನ್ನಲಾಗದು. ಅರ್ಧ ಕಡಲೆಬೀಜ, ಅರ್ಧ ಬೆಲ್ಲದ 40 ಗ್ರಾಂ ಕಡಲೆ ಮಿಠಾಯಿಯ ಲೆಕ್ಕ ಮಾಡಿದರೆ ಪ್ರೋಟೀನ್ ಸುಮಾರು 5 ಗ್ರಾಂ, ಕ್ಯಾಲೊರಿ 190, ಬೆಲ್ಲವೇ 20 ಗ್ರಾಂ. ಮೊಟ್ಟೆಯಲ್ಲಿ ಅರ್ಧಕ್ಕಿಂತ ಕಡಿಮೆ ಕ್ಯಾಲೊರಿಗೆ 6 ಗ್ರಾಂ ಪ್ರೋಟೀನ್ ಸಿಗುತ್ತದೆ, ಸಕ್ಕರೆ ಇಲ್ಲವೇ ಇಲ್ಲ. ಕರ್ನಾಟಕದ ಶಾಲೆಗಳಲ್ಲಿ ಇದು ಬರಿಯ ಲೆಕ್ಕವಾಗಿ ಉಳಿಯಲಿಲ್ಲ. ಬಿಸಿಯೂಟದ ಜೊತೆ ಮೊಟ್ಟೆ, ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು ಅಥವಾ ಕಡಲೆ ಮಿಠಾಯಿ ಕೊಡುವ ಕ್ರಮ 2022ರಲ್ಲಿ ರಾಜ್ಯದ ಎಲ್ಲ ಕಡೆ ಬಂತು; 2024ರ ಸೆಪ್ಟೆಂಬರಿನಿಂದ ಅಜೀಂ ಪ್ರೇಮ್‌ಜಿ ಫೌಂಡೇಶನ್ನಿನ ನೆರವಿನಿಂದ ವಾರಕ್ಕೆ ಆರು ದಿನವಾಯಿತು. ಮಿಠಾಯಿಯ ಗುಣಮಟ್ಟ, ಅದರಲ್ಲಿನ ಸಕ್ಕರೆ ಮತ್ತು ಕೊಬ್ಬಿನ ಬಗ್ಗೆ ಆಕ್ಷೇಪ ಬಂದು 2025ರ ಆರಂಭದಲ್ಲಿ ಶಿಕ್ಷಣ ಇಲಾಖೆ ಅದನ್ನು ಕೈಬಿಟ್ಟಿತು. ಅದು ಸರಿಯಾದ ನಿರ್ಧಾರ. ಬೆಳೆಯುವ ಮಗುವಿಗೆ ಮೊಟ್ಟೆಗೆ ಸಮನಾಗಿ ಮಿಠಾಯಿ ಇಡಲಾಗದು. 2013ರ ಆಗಸ್ಟಿನಿಂದ ಶಾಲೆಗಳಲ್ಲಿ ನಡೆದು ಬಂದ ಕ್ಷೀರಭಾಗ್ಯ ಯೋಜನೆಯ ಹಾಲಿಗೆ 2024ರ ಫೆಬ್ರುವರಿಯಲ್ಲಿ ವಾರಕ್ಕೆ ಮೂರು ದಿನ ರಾಗಿ ಮಾಲ್ಟ್ ಬೆರೆಸತೊಡಗಿದ್ದು ಇದಕ್ಕಿಂತ ಉತ್ತಮ ದಾರಿ. ಆ ಪುಡಿಯನ್ನು ಒದಗಿಸುವ ಟ್ರಸ್ಟು ಇರುವುದು ಮುದ್ದೇನಹಳ್ಳಿಯಲ್ಲಿ, 2007ರವರೆಗೆ ಕೋಲಾರ ಜಿಲ್ಲೆಯದೇ ಆಗಿದ್ದ ನೆಲದಲ್ಲಿ.

ಬೆಲ್ಲ ಕಡಿಮೆ ಮಾಡಿ ಮನೆಯಲ್ಲೇ ಬಾರು ಮಾಡಿಕೊಳ್ಳಬಹುದೇ? ಮಾಡಬಹುದು, ಆದರೆ ಅಲ್ಲಿ ಪಾಕದ ಕಷ್ಟವಿದೆ. ಬೆಲ್ಲದ ಕೆಲಸ ಸಿಹಿ ಕೊಡುವುದಷ್ಟೇ ಅಲ್ಲ, ಅಂಟಿಸುವುದೂ ಅದೇ, ಕೆಡದಂತೆ ಕಾಯುವುದೂ ಅದೇ. ಕುದಿಯುವ ಪಾಕದ ಹನಿಯನ್ನು ತಣ್ಣೀರಿಗೆ ಬಿಟ್ಟಾಗ ಮೆತ್ತನೆಯ ಉಂಡೆಯಾದರೆ ತಂಬಿಟ್ಟಿಗೆ, ಪುರಿಉಂಡೆಗೆ ಹದ. ಬಟ್ಟಲಿಗೆ ಹಾಕಿದಾಗ ಟಣ್ ಎಂದರೆ ಮಿಠಾಯಿಗೆ ಹದ. ಗಟ್ಟಿ ಪಾಕದಲ್ಲಿ ನೀರು ತೀರ ಕಡಿಮೆ, ಹಾಗಾಗಿ ಬೂಸಲು ಹಿಡಿಯದು. ಬೆಲ್ಲದ ಬದಲು ಖರ್ಜೂರ ಅರೆದು ಹಾಕಿದರೆ ನಾರು ಸಿಗುತ್ತದೆ, ತೇವವೂ ಉಳಿಯುತ್ತದೆ; ಅಂಥದ್ದು ಡಬ್ಬಿಯಲ್ಲಿ ವಾರ ಹತ್ತು ದಿನ ಬಾಳುತ್ತದೆ, ಆಮೇಲೆ ಹುಳಿ ವಾಸನೆ. ಕಡಲೆಬೀಜದ ಎಣ್ಣೆ ಗಾಳಿ ತಾಗಿದಷ್ಟೂ ಕಮಟು ಬರುತ್ತದೆ. ಮುಗ್ಗಿದ ಬೀಜವನ್ನಂತೂ ಒಂದನ್ನೂ ಉಳಿಸದೆ ಹೆಕ್ಕಿ ಎಸೆಯಬೇಕು. ಅದರ ಮೇಲಿನ ಬೂಸಲಿನಿಂದ ಹುಟ್ಟುವ ಅಫ್ಲಟಾಕ್ಸಿನ್ ಯಕೃತ್ತಿಗೆ ವಿಷ, ಹುರಿದರೂ ಪೂರ್ತಿ ಹೋಗದು. ರಾಗಿಯನ್ನು ಹಿಟ್ಟಾಗಿ ಹಾಕಿದರೆ ಬಾರು ಮರಳಿನಂತೆ ಗರಗರ ಎನ್ನುತ್ತದೆ, ಅರಳಾಗಿಯೇ ಹಾಕಿದರೆ ಹಗುರ, ಗರಿಗರಿ. ಅರಳು, ಹುರಿದು ಸಿಪ್ಪೆ ಕಳೆದ ಕಡಲೆಬೀಜ, ಎಳ್ಳು, ಖರ್ಜೂರ, ಸ್ವಲ್ಪವೇ ಬೆಲ್ಲ ಸೇರಿಸಿ ತಟ್ಟೆಗೆ ಅಮುಕಿ, ಬೆಚ್ಚಗಿರುವಾಗಲೇ ಚಾಕುವಿನಿಂದ ಗೆರೆ ಎಳೆದರೆ ಅಂಗಡಿಯ ಬಾರಿಗೆ ಸೋಲದ ಪಟ್ಟಿ ಸಿಗುತ್ತದೆ. ಆರಿದ ಮೇಲೆ ಕತ್ತರಿಸಲು ಹೋದರೆ ಚೂರಾಗುತ್ತದೆ.

ಇದನ್ನು ಕಸುಬಾಗಿ ಮಾಡಲು ಕೋಲಾರಕ್ಕೆ ಇರುವಷ್ಟು ಅನುಕೂಲ ಕೆಲವೇ ಸೀಮೆಗಳಿಗೆ ಉಂಟು. ರಾಗಿ ಇಲ್ಲಿಯದು, ಕಡಲೆಕಾಯಿ ಇಲ್ಲಿಯದು, ಎಳ್ಳು ಹುರುಳಿ ಇಲ್ಲಿಯವು, ಶ್ರೀನಿವಾಸಪುರದ ಮಾವು ಇಲ್ಲಿಯದು. 2025ರ ಜೂನಿನಲ್ಲಿ ಆಂಧ್ರದ ಚಿತ್ತೂರು ಜಿಲ್ಲಾಡಳಿತ ಕರ್ನಾಟಕದ ತೋತಾಪುರಿ ಮಾವಿಗೆ ತಡೆ ಹಾಕಿದಾಗ, ತಿರುಳು ತೆಗೆಯುವ ಆ ಕಡೆಯ ಕಾರ್ಖಾನೆಗಳನ್ನೇ ನಂಬಿದ್ದ ಶ್ರೀನಿವಾಸಪುರದ ಬೆಳೆಗಾರರು ಬೀದಿಗಿಳಿದರು. ನಮ್ಮ ಮುಖ್ಯಮಂತ್ರಿಗಳ ಪತ್ರ, ಕೇಂದ್ರದ ಬೆಲೆ ವ್ಯತ್ಯಾಸದ ನೆರವು ಎಲ್ಲ ಆದವು. ಆ ಹಣ್ಣಿನ ಒಂದು ಪಾಲನ್ನಾದರೂ ಇಲ್ಲೇ ಒಣಗಿಸಿ ಮಾಮಿಡಿ ತಾಂಡ್ರವಾಗಿ, ಬಾರಾಗಿ ಮಾಡುವ ಕಾರ್ಖಾನೆಗಳು ತಾಲ್ಲೂಕಿನಲ್ಲಿ ಸಾಕಷ್ಟಿದ್ದಿದ್ದರೆ ಬೆಳೆಗಾರ ಅಷ್ಟು ಅಸಹಾಯಕನಾಗುತ್ತಿರಲಿಲ್ಲ. ತಿರುಳನ್ನು ತಟ್ಟೆಯಲ್ಲಿ ತೆಳ್ಳಗೆ ಹರಡಿ, ಒಣಗಿದ ಪದರದ ಮೇಲೆ ಇನ್ನೊಂದು ಪದರ ಹರಡುತ್ತಾ ಹೋಗುವ ಕೆಲಸ ಅದು. ತೋತಾಪುರಿ ಕೈಗೆ ಬರುವ ಹೊತ್ತಿಗೆ ಮೋಡ ಕವಿದಿರುವುದರಿಂದ ಬಿಸಿಲನ್ನು ನಂಬುವಂತಿಲ್ಲ, ಒಣಗಿಸುವ ಯಂತ್ರ ಬೇಕು. ಸಣ್ಣ ಆಹಾರ ಘಟಕಗಳಿಗಾಗಿ 2020ರಲ್ಲಿ ಬಂದ ಪಿಎಂಎಫ್‌ಎಂಇ ಯೋಜನೆಯಲ್ಲಿ ಯಂತ್ರದ ವೆಚ್ಚಕ್ಕೆ ಶೇ 35 ಸಹಾಯಧನವಿದೆ, ಕರ್ನಾಟಕ ಸರ್ಕಾರ ಅದರ ಮೇಲೆ ಶೇ 15 ಸೇರಿಸುತ್ತದೆ. ಹೆಬ್ಬಾಳದ ಕೃಷಿ ವಿಶ್ವವಿದ್ಯಾಲಯದ ಬೇಕರಿ ತರಬೇತಿ ಘಟಕದಲ್ಲಿ ರಾಗಿಯ ತಿನಿಸುಗಳನ್ನು ಕಲಿಸುತ್ತಾರೆ, ಕೋಲಾರದ ಟಮಕದಲ್ಲೇ ತೋಟಗಾರಿಕೆ ಕಾಲೇಜಿದೆ. ಹುರಿಹಿಟ್ಟಿನ ಹದ ಕೈಯಲ್ಲೇ ಬಲ್ಲ ಸ್ತ್ರೀಶಕ್ತಿ ಸಂಘದ ಹೆಂಗಸರು ಪ್ರತಿ ಊರಿನಲ್ಲೂ ಇದ್ದಾರೆ. ಇವೆಲ್ಲ ಒಂದೆಡೆ ಸೇರಬೇಕು.

ಬೆಲೆಯ ಮಾತು ಉಳಿದಿದೆ. ಸಣ್ಣ ಬಾರಿಗೆ ಐವತ್ತರ ಆಸುಪಾಸು, ಪ್ರೋಟೀನ್ ಹೆಚ್ಚಿರುವ ದೊಡ್ಡದಕ್ಕೆ ನೂರರ ಮೇಲೆ. ಆ ದುಡ್ಡಿಗೆ ಮುಳಬಾಗಿಲಿನಲ್ಲಿ ಅಂಚು ಗರಿಗರಿ, ನಡುವೆ ಮೆತ್ತಗಿರುವ ದಪ್ಪ ದೋಸೆಯನ್ನು ಕೆಂಪು ಚಟ್ನಿಯ ಜೊತೆ ಕೂತು ತಿನ್ನಬಹುದು; ಕೂರಲು ಹೊತ್ತಿದ್ದವರು ಅದನ್ನೇ ತಿನ್ನಲಿ. ದಿನಾ ಬಾರು ಕೊಳ್ಳುವುದು ಪಾಳಿ ಕೆಲಸದ ಸಂಬಳಕ್ಕೆ ಭಾರ. ರೈಲು, ಬಸ್ಸು, ಮಂಡಿಯ ಆತುರಕ್ಕೆ ಒಂದನ್ನು ಚೀಲದಲ್ಲಿ ಇಟ್ಟುಕೊಂಡು, ಅರ್ಧ ಈಗ ಅರ್ಧ ಆಮೇಲೆ ಎಂದು ನೀರಿನ ಜೊತೆ ತಿಂದರೆ ಅದು ತನ್ನ ಕೆಲಸ ಮಾಡುತ್ತದೆ. ಕಡಲೆಬೀಜ ಒಗ್ಗದವರು ಹೊದಿಕೆಯ ಮೇಲಿನ ಅಲರ್ಜಿಯ ಸಾಲನ್ನು ಓದದೆ ಮುಟ್ಟಬಾರದು. ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಇಡಿ ಬೀಜವಿರುವ ಪಟ್ಟಿ ಕೊಡಬಾರದು, ಗಂಟಲಿಗೆ ಸಿಕ್ಕಿಕೊಳ್ಳುವ ಅಪಾಯವಿದೆ. ಸಕ್ಕರೆ ಕಾಯಿಲೆಯವರು ಖರ್ಜೂರ, ಜೇನು, ಬೆಲ್ಲ ಎಂಬ ಹೆಸರು ಕಂಡು ಸಮಾಧಾನಪಡುವಂತಿಲ್ಲ. ರಕ್ತದಲ್ಲಿ ಅವೆಲ್ಲ ಸಕ್ಕರೆಯೇ. ಹಲ್ಲುಸೆಟ್ಟು ಕಟ್ಟಿಸಿಕೊಂಡ ಹಿರಿಯರಿಗೆ ಅಂಟುವ ಬಾರು ಬೇಡ. ಅವರಿಗೆ ಬಿಸಿ ಹಾಲಿನಲ್ಲಿ ಕಲಸಿದ ಹುರಿಹಿಟ್ಟು ಆಗಬೇಕು, ಎರಡು ನಿಮಿಷ ಬಿಟ್ಟರೆ ಗಂಟಿಲ್ಲದೆ ನೆನೆದು ಚಮಚಕ್ಕೆ ಬರುತ್ತದೆ.